ಲ್ಯಾಮಿನೇಶನ್ ಆದ ಗೋಲ್‌ಕೀಪರ್

ನಮ್ಮ ಮನೆಯಲ್ಲಿ ಒಂದು ನೀಲಿ ಫೈಲು ಇದೆ. ಅಲ್ ಬರ್ಷಾದ ಈ ಎರಡು ಕೋಣೆಯ ಮನೆಗೆ ಬೆಂಕಿ ಬಿದ್ದರೆ ಮೊದಲು ಏನನ್ನು ಎತ್ತಿಕೊಂಡು ಓಡಬೇಕು ಎಂದು ಕೇಳಿದರೆ ನನ್ನ ಹೆಂಡತಿ ವಸಂತಿ ಒಂದು ಕ್ಷಣವೂ ಯೋಚಿಸದೆ ಆ ಫೈಲನ್ನು ತೋರಿಸುತ್ತಾಳೆ. ಎರಡನೆಯದು ಮಗಳು ಸಿರಿ. ಅವಳಿಗೆ ಹದಿಮೂರು ವರ್ಷ, ಅವಳೇ ಓಡುತ್ತಾಳೆ. ಮೂರನೆಯದು ಏನೆಂದು ನಾನು ಈವರೆಗೆ ಕೇಳಿಲ್ಲ. ಕೆಲವು ಸಂಗತಿ ಗೊತ್ತಾಗದಿದ್ದರೇ ಸಂಸಾರಕ್ಕೆ ಒಳ್ಳೆಯದು.

ಆ ಫೈಲಿನಲ್ಲಿರುವುದೆಲ್ಲ ಲ್ಯಾಮಿನೇಶನ್ ಆಗಿದೆ. ಗಲ್ಫಿಗೆ ಬಂದ ನಮ್ಮೂರಿನವರಿಗೆ ಇದೊಂದು ವ್ಯಾಧಿ. ಒಂದು ಕಾಗದ ಕೈಗೆ ಬಂತೆಂದರೆ ಅದರ ಮೇಲೆ ಪ್ಲಾಸ್ಟಿಕ್ ಹೊದಿಸುವವರೆಗೆ ನಿದ್ದೆ ಬರುವುದಿಲ್ಲ. ನನ್ನ ಎಂ.ಎ. ಸರ್ಟಿಫಿಕೇಟು ಬಂದ ದಿನವೇ ಅಪ್ಪ ಉಡುಪಿಯ ಪೇಟೆಗೆ ಹೋಗಿ ಅದಕ್ಕೆ ಲ್ಯಾಮಿನೇಶನ್ ಮಾಡಿಸಿದ್ದರು. ಇಲ್ಲಿನ ಕೆಲಸಕ್ಕೆಂದು ಅದರ ಹಿಂದೆ ಸರಕಾರಿ ಮೊಹರು ಬೀಳಬೇಕಾದಾಗ, ಪ್ಲಾಸ್ಟಿಕ್ಕಿನ ಮೇಲೆ ಮೊಹರು ಒತ್ತುವುದಿಲ್ಲ ಎಂದರು. ಬಿಸಿ ಮಾಡಿ ಸುಲಿಯಬಲ್ಲ ಒಬ್ಬರನ್ನು ಹುಡುಕಿ ಸುಲಿಸಿದ್ದಾಯಿತು. ‘ಪ್ರಥಮ ದರ್ಜೆ’ ಎಂಬಲ್ಲಿ ‘ಪ್ರಥಮ’ ಪ್ಲಾಸ್ಟಿಕ್ಕಿನ ಜೊತೆಗೇ ಎದ್ದು ಬಂತು. ಅಂದಿನಿಂದ ನಾನು ಬರೀ ದರ್ಜೆಯಲ್ಲಿ ಪಾಸಾದವನು. ಇದರಿಂದ ಏನಾದರೂ ಕಲಿತೆನೇ? ಮೊಹರು ಬಿದ್ದ ಸಂಜೆಯೇ ಅದಕ್ಕೆ ಮತ್ತೆ ಲ್ಯಾಮಿನೇಶನ್ ಮಾಡಿಸಿದೆ.

ಓದಿದ್ದು ಇತಿಹಾಸ. ಯಾರು ಏನೇ ಹೇಳಿದರೂ ‘ಇದಕ್ಕೆ ಆಧಾರ ಏನು?’ ಎಂದು ಕೇಳಬೇಕೆಂದು ನಮ್ಮ ಮೇಷ್ಟ್ರು ಎರಡು ವರ್ಷ ತಲೆಗೆ ತುಂಬಿದ್ದರು. ಸಿಕ್ಕಿದ ಕೆಲಸವೂ ಅದಕ್ಕೆ ಸರಿಯಾಗಿತ್ತು. ಒಂದು ವಿಮಾ ಕಚೇರಿಯಲ್ಲಿ ಕುಳಿತು, ಕಾರು ಗುದ್ದಿದವರ ಮತ್ತು ಗುದ್ದಿಸಿಕೊಂಡವರ ಕಥೆ ಕೇಳುವುದು. ‘ನಾನು ನಿಂತೇ ಇದ್ದೆ ಸರ್, ಕಂಬವೇ ಬಂತು’ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದವರಿದ್ದಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಹಾಗೇ ನಡೆಯಿತೆಂದು ಪೂರ್ತಿ ನಂಬಿರುತ್ತಾರೆ. ಇಪ್ಪತ್ತೆರಡು ವರ್ಷ ಇದನ್ನೇ ಕೇಳಿ ಕೇಳಿ ನನಗೆ ಬೇರೆಯವರ ನೆನಪಿನ ಮೇಲೆ ನಂಬಿಕೆ ಹೋಗಿದೆ. ನನ್ನ ನೆನಪಿನ ಮೇಲಂತೂ ಮೊದಲೇ ಇರಲಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಹೇಳಿಕೊಳ್ಳುವುದು ಬೇರೆ, ಇರುವುದು ಬೇರೆ. ಅದು ಗೊತ್ತಾದದ್ದು ಹಾಕಿ ಕಾರ್ಡಿನಿಂದ.

ಸಿರಿಗೆ ಹಾಕಿ ಕಾರ್ಡಿನ ಹುಚ್ಚು. ಹಾಕಿ ಎಂದರೆ ನಮ್ಮ ಹಾಕಿಯಲ್ಲ, ಮಂಜುಗಡ್ಡೆಯ ಮೇಲೆ ಜಾರುತ್ತಾ ಆಡುವ ಹಾಕಿ. ಹೊರಗೆ ರಸ್ತೆಯ ಡಾಂಬರು ಕರಗುವ ಊರಲ್ಲಿ ನನ್ನ ಮಗಳು ಮಾಲಿನೊಳಗೆ ಸ್ವೆಟರ್ ಹಾಕಿಕೊಂಡು ಮಂಜಿನ ಮೇಲೆ ಜಾರುತ್ತಾಳೆ. ಜೊತೆಗೆ ಆಟಗಾರರ ಚಿತ್ರವಿರುವ ಕಾರ್ಡು ಕೂಡಿಡುತ್ತಾಳೆ. ಇಸ್ಪೀಟಿನೆಲೆಯಷ್ಟು ದೊಡ್ಡದಾದ ಒಂದು ರಟ್ಟಿಗೆ ಮುನ್ನೂರು ದಿರ್ಹಮ್ ಅಂತೆ. ಯಾಕೆ ಎಂದು ಕೇಳಿದೆ.

“ರೂಕಿ ಕಾರ್ಡ್, ಪಪ್ಪಾ. ಅವನ ಮೊದಲನೇ ವರ್ಷದ್ದು.”

“ಮೊದಲನೇ ವರ್ಷ ಅವನು ಚೆನ್ನಾಗಿ ಆಡಿದ್ದನಾ?”

“ಇಲ್ಲ. ಆಮೇಲೆ ಆಡಿದ. ದಟ್ಸ್ ದ ಪಾಯಿಂಟ್.”

ಹೀಗೆ ನೋಡಿದರೆ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಗುರುತು ಚೀಟಿಗೂ ಬೆಲೆ ಬರಬೇಕಿತ್ತು. ಆಮೇಲೆ ನಾನು ಚೆನ್ನಾಗಿ ಆಡಲಿಲ್ಲ ಎಂಬುದೊಂದೇ ತೊಡಕು.

ಶನಿವಾರ ಬೆಳಿಗ್ಗೆ ನಮ್ಮ ಮನೆ ಹತ್ತಿರದ ಕಾಫಿ ಅಂಗಡಿಯ ಮಹಡಿಯಲ್ಲಿ ಈ ಕಾರ್ಡಿನವರ ಸಂತೆ ಸೇರುತ್ತದೆ. ಮಕ್ಕಳಿಗಿಂತ ದೊಡ್ಡವರೇ ಹೆಚ್ಚು. ಅಲ್ಲಿ ಎಲ್ಲರೂ ಗೌರವದಿಂದ ಕಾಣುವ ಮನುಷ್ಯ ಡಗ್. ಕೆನಡಾದವನು, ಶಾಲೆಯೊಂದರಲ್ಲಿ ಆಟದ ಮೇಷ್ಟ್ರು, ಬೆಳ್ಳಗಿನ ಗಡ್ಡ. ಅವನು ಕಾರ್ಡನ್ನು ನೋಡುವ ರೀತಿ ನೋಡಬೇಕು. ಮೊದಲು ನಾಲ್ಕು ಮೂಲೆ, ಚೂಪಾಗಿವೆಯೇ ಎಂದು. ಆಮೇಲೆ ಅಂಚು. ಆಮೇಲೆ ಚಿತ್ರದ ಸುತ್ತಲಿನ ಬಿಳಿ ಪಟ್ಟಿ ಎಡಕ್ಕೂ ಬಲಕ್ಕೂ ಒಂದೇ ಅಳತೆ ಇದೆಯೇ ಎಂದು. ಕೊನೆಗೆ ದೀಪದ ಕೆಳಗೆ ಓರೆ ಹಿಡಿದು ಗೀರು ಹುಡುಕುವುದು. ನನ್ನ ಸೋದರತ್ತೆ ಹೆಣ್ಣು ನೋಡಲು ಹೋದಾಗಲೂ ಇಷ್ಟು ನೋಡುತ್ತಿರಲಿಲ್ಲ.

ಒಂದು ಶನಿವಾರ ಸುಮ್ಮನೆ ಕುಳಿತಿರಲಾರದೆ ಬಾಯಿ ಹಾಕಿದೆ. ನಮ್ಮ ಕಾಲದಲ್ಲೂ ಹಾಕಿ ಕಾರ್ಡು ಇತ್ತು, ಬಬಲ್‌ಗಮ್ಮಿನ ಪೊಟ್ಟಣದಲ್ಲಿ ಬರುತ್ತಿತ್ತು ಎಂದೆ. ಸಿರಿ ಮುಜುಗರದಿಂದ ನೆಲ ನೋಡಿದಳು. ಡಗ್ ಮಾತ್ರ ಭೂತಗನ್ನಡಿ ಕೆಳಗಿಟ್ಟ. ಜಗತ್ತಿನ ಮೂಲೆ ಮೂಲೆಯ ಗಮ್ಮಿನ ಕಾರ್ಡು ಕೂಡಿಡುವುದು ಅವನ ಖಾಸಗಿ ಹುಚ್ಚು. ಭಾರತದ ಆ ಸಾಲಿನ ಹತ್ತು ಕಾರ್ಡು ಅವನ ಬಳಿ ಇದ್ದವು. ಹನ್ನೊಂದನೆಯದು, ಗೋಲ್‌ಕೀಪರ್, ಸಿಕ್ಕಿರಲಿಲ್ಲ.

“ಸಿಗುವುದಿಲ್ಲ,” ಎಂದೆ. “ನಮಗೂ ಸಿಗುತ್ತಿರಲಿಲ್ಲ. ನಮ್ಮ ಶಾಲೆಯಲ್ಲಿ ಅದು ಇದ್ದದ್ದು ಒಬ್ಬನ ಹತ್ತಿರ ಮಾತ್ರ.”

ಆ ಒಬ್ಬ ಲಾರೆನ್ಸಣ್ಣ. ಇಗರ್ಜಿಯ ಶಾಲೆಯಲ್ಲಿ ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಅವರು ಎಂಟನೇ ಕ್ಲಾಸು, ಶಾಲೆಯ ಗೋಲ್‌ಕೀಪರ್. ಕಾಲಿಗೆ ಗೋಣಿಚೀಲದೊಳಗೆ ತೆಂಗಿನ ನಾರು ತುಂಬಿ ಕಟ್ಟಿಕೊಳ್ಳುತ್ತಿದ್ದರು. ಚೆಂಡು ಬಡಿದಾಗಲೆಲ್ಲ ಅದರಿಂದ ಧೂಳೇಳುತ್ತಿತ್ತು. ಧೂಳು ಇಳಿದ ಮೇಲೆಯೇ ಗೋಲು ಆಯಿತೋ ಇಲ್ಲವೋ ಎಂದು ಪಾದ್ರಿಗಳಿಗೂ ತಿಳಿಯುತ್ತಿದ್ದದ್ದು. ಅದೃಷ್ಟ ನೋಡಿ, ಗೋಲ್‌ಕೀಪರನ ಕಾರ್ಡು ಬಂದದ್ದು ಗೋಲ್‌ಕೀಪರನಿಗೇ. ಈಗ ಅವರು ಅಬುಧಾಬಿಯಲ್ಲಿ, ಹಮ್ದಾನ್ ಸ್ಟ್ರೀಟಿನ ಒಂದು ಹೋಟೆಲಿನ ಲಾಂಡ್ರಿಯ ಮೇಲ್ವಿಚಾರಕರು. ಯಾವ ಅಂಗಿ ಯಾವ ರೂಮಿನದ್ದು ಎಂದು ಚೀಟಿ ನೋಡದೆ ಹೇಳುತ್ತಾರೆಂದು ಅವರಿಗೆ ಹೆಸರು. ಮುಂದಿನ ತಿಂಗಳು ನಿವೃತ್ತಿಯಾಗಿ ಊರಿಗೆ ಹೊರಡುವವರಿದ್ದರು.

ಫೋನು ಮಾಡಿದೆ. ಕಾರ್ಡು ಇನ್ನೂ ಇದೆ, ಪ್ರಾರ್ಥನೆ ಪುಸ್ತಕದ ನಡುವೆ ಇದೆ ಎಂದರು. ಡಗ್ ಸಾವಿರದ ಇನ್ನೂರು ದಿರ್ಹಮ್ ಹೇಳಿದ್ದಾನೆ, ಆದರೆ ಮೂಲೆಗಳು ಚೆನ್ನಾಗಿರಬೇಕು ಎಂದೆ.

“ಮೊಮ್ಮಗಳು ರಿಯಾ ಉಂಟಲ್ಲ ಮಾರಾಯ, ಶಾಲೆ ಟೀಮಿನಲ್ಲಿ ಈಗ ಅವಳೇ ಗೋಲ್‌ಕೀಪರ್,” ಎಂದರು. “ಒಳ್ಳೇ ಪ್ಯಾಡಿಗೆ ಅಷ್ಟೇ ಆಗ್ತದೆ. ದುಡ್ಡು ನನ್ನ ಹತ್ತಿರ ಇಲ್ಲ ಅಂತಲ್ಲ. ಆದರೆ ನೋಡು, ಆ ಗೋಲ್‌ಕೀಪರೇ ಅವಳಿಗೆ ಪ್ಯಾಡ್ ಕೊಡಿಸಿದರೆ ಎಷ್ಟು ಲಾಯ್ಕ್ ಅಲ್ವಾ?”

ಲಾಯ್ಕೇ. ನಾನೂ ಸಿರಿಯೂ ಅಬುಧಾಬಿಗೆ ಹೋಗಿ ಕಾರ್ಡು ತಂದೆವು. ಲಾಂಡ್ರಿಯ ಹಬೆಯ ನಡುವೆ ನಿಂತು ಲಾರೆನ್ಸಣ್ಣ ಅದನ್ನು ಎರಡೂ ಕೈಯಲ್ಲಿ ಕೊಟ್ಟರು. ಡಗ್ ಆಗ ರಜೆಗೆ ಊರಿಗೆ ಹೋಗಿದ್ದ, ಬರಲು ಮೂರು ವಾರ. ಕಾರ್ಡನ್ನು ನಾನು ಮನೆಯಲ್ಲಿ ಅತ್ಯಂತ ಸುರಕ್ಷಿತವಾದ ಜಾಗದಲ್ಲಿಟ್ಟೆ. ಯಾವ ಜಾಗ ಎಂದು ನಿಮಗೆ ಹೇಳಬೇಕಾಗಿಲ್ಲ.

ಡಗ್ ಬಂದ ಶನಿವಾರ ಲಾರೆನ್ಸಣ್ಣನೂ ಅಬುಧಾಬಿಯಿಂದ ಬಸ್ಸಿನಲ್ಲಿ ಬಂದರು. ಅಂಗಿಯ ಇಸ್ತ್ರಿಯ ಗೆರೆಯಲ್ಲಿ ಹಣ್ಣು ಹೆಚ್ಚಬಹುದಿತ್ತು. ಪ್ಯಾಡಿನ ಅಳತೆ ಬರೆದ ಚೀಟಿ ಜೇಬಿನಲ್ಲಿತ್ತು. ಅಂಗಡಿಯವರಿಗೆ ಮಧ್ಯಾಹ್ನ ಬರುತ್ತೇನೆಂದು ಹೇಳಿಯೂ ಆಗಿತ್ತು. ನಾನು ಫೈಲು ತೆರೆದು, ಕಾರ್ಡು ತೆಗೆದು, ಮೇಜಿನ ಮೇಲೆ ಇಟ್ಟೆ.

ಡಗ್ ಅದನ್ನು ಮುಟ್ಟಲೂ ಇಲ್ಲ.

“ಇದನ್ನು ಯಾರು ಮಾಡಿದರು?” ಎಂದು ಮೆಲ್ಲಗೆ ಕೇಳಿದ, ಸಾವಿನ ಮನೆಯಲ್ಲಿ ಕೇಳುವ ಹಾಗೆ.

ಗೋಲ್‌ಕೀಪರ್ ಪ್ಲಾಸ್ಟಿಕ್ಕಿನೊಳಗೆ ಫಳಫಳ ಹೊಳೆಯುತ್ತಿದ್ದ. ಸುತ್ತಲೂ ಅರ್ಧ ಬೆರಳಗಲ ಅಂಚು ಬಿಟ್ಟು ಬಿಗಿಯಾಗಿ ಲ್ಯಾಮಿನೇಶನ್ ಆಗಿತ್ತು.

“ಏನಾಯ್ತು? ಚೆನ್ನಾಗೇ ಉಂಟಲ್ಲ?” ಎಂದರು ಲಾರೆನ್ಸಣ್ಣ.

“ಅಂಕಲ್, ಇಟ್ಸ್ ಡೆಡ್,” ಎಂದಳು ಸಿರಿ.

ಅಂಟು ಕಾಗದದೊಳಗೆ ಹೋಗಿಬಿಟ್ಟಿದೆ, ತೆಗೆದರೆ ಚಿತ್ರವೇ ಕಿತ್ತು ಬರುತ್ತದೆ, ಇನ್ನು ಇದಕ್ಕೆ ಇಪ್ಪತ್ತು ದಿರ್ಹಮ್, ಅದೂ ಕನಿಕರಕ್ಕೆ ಎಂದು ಡಗ್ ವಿವರಿಸಿದ. ನಾನು ಬಿಡಲಿಲ್ಲ. ನೀವೂ ದುಬಾರಿ ಕಾರ್ಡುಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡಿ ಇಡುತ್ತೀರಲ್ಲ, ವ್ಯತ್ಯಾಸವೇನು ಎಂದು ವಾದಿಸಿದೆ.

“ಪಪ್ಪಾ, ಅದು ಮನೆ. ಇದು ಸಮಾಧಿ,” ಎಂದಳು ಸಿರಿ. ಅವಳು ಒಂದು ಇಡೀ ವಾಕ್ಯವನ್ನು ಕನ್ನಡದಲ್ಲಿ ಹೇಳುವುದು ಅಪರೂಪ. ಹೇಳಿದರೆ ಹೀಗೆ.

ಡಗ್ ಮತ್ತೆ ಕೇಳಿದ, ಯಾರು ಮಾಡಿದರು ಎಂದು. ಆಗ ನಾನು ಹೇಳಿದೆ: “ಲಾರೆನ್ಸಣ್ಣ, ನೀವು ಕೊಡುವಾಗಲೇ ಹೀಗಿತ್ತಲ್ಲ.”

ಇದನ್ನು ಸ್ವಲ್ಪ ಗಮನಿಸಿ. ನಾನು ಸುಳ್ಳು ಹೇಳಲಿಲ್ಲ. ನಾನು ಮಾಡಿಸಿಲ್ಲ ಎಂಬುದು ನನಗೆ ಖಚಿತವಿತ್ತು, ಆದ್ದರಿಂದ ಅವರೇ ಮಾಡಿಸಿರಬೇಕು. ಮಾಡಿಸಿರಬೇಕು ಎಂದುಕೊಂಡ ಮರುಗಳಿಗೆಯೇ ಕಣ್ಣೆದುರು ಚಿತ್ರ ಬಂತು. ಲಾಂಡ್ರಿಯ ಟ್ಯೂಬ್‌ಲೈಟು, ಲಾರೆನ್ಸಣ್ಣನ ಕೈ, ಕಾರ್ಡಿನ ಮೇಲೆ ಬೆಳಕಿನ ಒಂದು ಬಿಳಿ ಗೆರೆ. ಪ್ಲಾಸ್ಟಿಕ್ ಇಲ್ಲದೆ ಅಂಥ ಗೆರೆ ಬೀಳುವುದಿಲ್ಲ. ಇಷ್ಟನ್ನೂ ಹೇಳಿದೆ, ಕಚೇರಿಯಲ್ಲಿ ಮಾತಾಡುವ ಧ್ವನಿಯಲ್ಲೇ.

“ನಾನಾ?” ಎಂದರು ಲಾರೆನ್ಸಣ್ಣ. “ಇಲ್ಲ ಮಾರಾಯ... ಪುಸ್ತಕದ ಒಳಗಿಂದ ತೆಗೆದೆ, ಹಾಗೇ ಕೊಟ್ಟೆ.”

“ಅದಕ್ಕೆ ಮೊದಲು ಯಾವಾಗಲಾದರೂ ಮಾಡಿಸಿರಬಹುದು. ನೆನಪು ಮಾಡಿಕೊಳ್ಳಿ.”

ಅವರು ನೆನಪು ಮಾಡಿಕೊಂಡರು. ಆ ಮುಖ ನನಗೀಗಲೂ ಕಾಣುತ್ತದೆ. ಹುಬ್ಬು ಗಂಟಿಕ್ಕಿ, ನನ್ನ ಮುಖ ನೋಡಿ, ಕಾರ್ಡು ನೋಡಿ, ಕೊನೆಗೆ ಸಣ್ಣಗೆ ನಕ್ಕು, “ಇರಬಹುದು. ವಯಸ್ಸಾಯ್ತು ನೋಡು. ನಾನೇ ಮಾಡಿಸಿರಬೇಕು,” ಎಂದರು. ಡಗ್‌ಗೆ ಸಾರಿ ಹೇಳಿದರು. ಇಪ್ಪತ್ತು ದಿರ್ಹಮ್ ಬೇಡವೆಂದು ಕಾರ್ಡನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಪ್ಯಾಡಿನ ಅಂಗಡಿಗೆ ಹೋಗಲಿಲ್ಲ.

ಮೂರನೆಯ ದಿನ ಅವರ ಫೋನು ಬಂತು.

“ಸದಾ, ನಿನಗೆ ಗುರ್ತದ ಡಾಕ್ಟರು ಯಾರಾದರೂ ಇದ್ದಾರಾ? ತಲೆದು. ಮರೆವಿಂದು.”

“ಯಾರಿಗೆ?”

“ನನಗೇ ಮಾರಾಯ. ಈಗ ಪ್ರತಿ ಅಂಗಿಗೂ ಚೀಟಿ ನೋಡ್ತಾ ಇದ್ದೇನೆ. ಇಸ್ತ್ರಿ ಆಫ್ ಮಾಡಿದೆನಾ ಅಂತ ರೂಮಿನಿಂದ ವಾಪಸ್ ಹೋಗಿ ಮೂರು ಸಲ ನೋಡುವುದು. ಹುಡುಗರು ನಗಾಡ್ತಾರೆ. ನಮ್ಮ ಅಮ್ಮನಿಗೂ ಹೀಗೇ ಶುರುವಾದದ್ದು. ಮೊದಲು ಒಂದು ಸಣ್ಣ ವಿಷಯ, ಆಮೇಲೆ ನಮ್ಮ ಹೆಸರು. ರಿಯಾಗೆ ಆಟ ಹೇಳಿಕೊಡುವುದು ಅಂತ ಒಪ್ಪಿಕೊಂಡಿದ್ದೆ, ಅದನ್ನೂ ಬೇಡ ಅಂತ ಹೇಳಿದೆ. ಮಕ್ಕಳ ಜವಾಬ್ದಾರಿ ಅಲ್ವಾ.”

ನಾನು ಸಮಾಧಾನ ಹೇಳಿದೆ. ಒಬ್ಬ ಡಾಕ್ಟರ ನಂಬರು ಕೊಟ್ಟೆ. ದೇವರಾಣೆಗೂ ಕೊಟ್ಟೆ.

ಆ ಸಂಜೆ ವಸಂತಿ ಬಟ್ಟೆ ಮಷಿನ್ನಿಗೆ ಹಾಕುವ ಮೊದಲು ನನ್ನ ಪ್ಯಾಂಟಿನ ಜೇಬು ತಡಕುತ್ತಿದ್ದಳು. ಅವಳದ್ದು ಸ್ವಂತ ಪತ್ತೇದಾರಿ ಇಲಾಖೆ. “ಇದೆಂಥದು? ಸತ್ವಾದ ಟೈಪಿಂಗ್ ಸೆಂಟರಿನ ಬಿಲ್ಲು. ಲ್ಯಾಮಿನೇಶನ್ ಮೂರು. ನನ್ನ ತಮ್ಮನ ಸರ್ಟಿಫಿಕೇಟು ಎರಡೇ ಅಲ್ವಾ ಇದ್ದದ್ದು?”

“ಎರಡೇ.”

“ಮತ್ತೆ ಮೂರನೆಯದು ಯಾವುದು?”

ಬಿಲ್ಲು ಇಸಿದುಕೊಂಡು ತಾರೀಕು ನೋಡಿದೆ. ಡಗ್ ಇಲ್ಲದ ಆ ಮೂರು ವಾರದಲ್ಲಿ ಒಂದು ಸಂಜೆ ನಾನು ಸತ್ವಾಕ್ಕೆ ಹೋಗಿದ್ದೆ. ದರ್ಜಿಯ ಹತ್ತಿರ ಇದೇ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಿ, ಅಲ್ಲೇ ಹಾಕಿಕೊಂಡು, ಪಕ್ಕದ ಟೈಪಿಂಗ್ ಸೆಂಟರಿಗೆ ಭಾವಮೈದುನನ ಆ ಎರಡು ಸರ್ಟಿಫಿಕೇಟಿಗೆಂದು ನೀಲಿ ಫೈಲು ಕೊಟ್ಟಿದ್ದೆ. ಅಷ್ಟರಲ್ಲಿ ಕಂಬವೇ ಬಂದು ಗುದ್ದಿತೆನ್ನುವ ಜಾತಿಯ ಒಬ್ಬ ಗಿರಾಕಿಯ ಫೋನು. ಒಂದು ಕಿವಿಯಲ್ಲಿ ಅವನು. ಕೌಂಟರಿನವನು ಫೈಲಿನ ಜೇಬು ತೋರಿಸಿ ಏನೋ ಕೇಳಿದ. ನಾನು ಅತ್ತ ನೋಡದೆ ಕೈಯಾಡಿಸಿ, “ಎಲ್ಲಾ ಮಾಡಿಬಿಡಿ, ಯಲ್ಲಾ, ಬೇಗ” ಎಂದೆ.

ಎಲ್ಲಾ ಮಾಡಿಬಿಟ್ಟ.

ವಿಚಿತ್ರವೆಂದರೆ ಬಿಲ್ಲನ್ನು ಕೈಯಲ್ಲಿ ಹಿಡಿದಿದ್ದಾಗಲೂ ಲಾಂಡ್ರಿಯ ಬಿಳಿ ಗೆರೆ ಕಣ್ಣಿನಿಂದ ಹೋಗಲಿಲ್ಲ. ಈಗಲೂ ಹೋಗಿಲ್ಲ. ಕಣ್ಣಾರೆ ಕಂಡಷ್ಟೇ ಸ್ಪಷ್ಟವಾಗಿದೆ. ಅಲ್ಲಿ ಇಲ್ಲದ ಪ್ಲಾಸ್ಟಿಕ್ಕನ್ನು ಹೊಳೆಯಿಸಿದ ನನ್ನ ತಲೆ, ಅದೇ ಹೊಳಪಿನಿಂದ ಅರವತ್ತು ವರ್ಷದ ಒಬ್ಬ ಮನುಷ್ಯನನ್ನು ಡಾಕ್ಟರ ಬಾಗಿಲಿಗೆ ಕಳಿಸಿತ್ತು. ಜಗತ್ತನ್ನೆಲ್ಲ ‘ಆಧಾರ ಏನು?’ ಎಂದು ಕೇಳುವವನು ನಾನು. ಲಾರೆನ್ಸಣ್ಣ ಆ ಒಂದು ಪ್ರಶ್ನೆ ಕೇಳಿದ್ದರೆ ನಾನು ಅಲ್ಲೇ ತೊದಲುತ್ತಿದ್ದೆ. ಅವರು ಕೇಳಲಿಲ್ಲ. ನನ್ನನ್ನು ನಂಬಿದರು, ತಮ್ಮನ್ನು ಬಿಟ್ಟುಕೊಟ್ಟರು.

ಫೋನಿನಲ್ಲಿ ಹೇಳುವ ಧೈರ್ಯ ಇರಲಿಲ್ಲ, ಎದುರಿಗೆ ಹೇಳುವ ಧೈರ್ಯ ಅದಕ್ಕಿಂತ ಕಡಿಮೆ. ಮರುದಿನ ರಜೆ ಹಾಕಿ ಅಬುಧಾಬಿಗೆ ಹೋದೆ. ದಾರಿಯುದ್ದಕ್ಕೂ ಒಂದು ಸುಲಭದ ಉಪಾಯ ತಲೆಯಲ್ಲಿ ಸುಳಿಯುತ್ತಿತ್ತು: ಪ್ಯಾಡು ಕೊಂಡು ಕೊಡುವುದು, ಡಗ್ ಮನಸ್ಸು ಬದಲಾಯಿಸಿದ ಎನ್ನುವುದು. ಆದರೆ ಪ್ಯಾಡು ಕಟ್ಟಿಕೊಳ್ಳಲು ಕಾಲಿದ್ದರೆ ಸಾಕು, ಅವರಿಗೆ ವಾಪಸ್ ಬೇಕಾದದ್ದು ತಲೆ.

ಲಾರೆನ್ಸಣ್ಣ ಲಾಂಡ್ರಿಯ ಮೇಜಿನ ಮುಂದೆ ಕನ್ನಡಕ ಹಾಕಿಕೊಂಡು ಅಂಗಿಯ ಕಾಲರಿನ ಚೀಟಿ ಓದುತ್ತಿದ್ದರು. ನಾನು ಬಿಲ್ಲು ಮುಂದೆ ಹಿಡಿದು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಬಿಲ್ಲನ್ನು ದೀಪಕ್ಕೆ ಹಿಡಿದು ಎರಡು ಸಲ ಓದಿದರು.

“ಅಂದರೆ ನಾನು ಮಾಡಿಸಲಿಲ್ಲ.”

“ಇಲ್ಲ.”

“ನಾನು ಹಾಗೇ ಕೊಟ್ಟದ್ದು.”

“ಹಾಗೇ ಕೊಟ್ಟದ್ದು, ಲಾರೆನ್ಸಣ್ಣ. ನನ್ನದೇ ತಪ್ಪು.”

ಅವರು ಕನ್ನಡಕ ತೆಗೆದರು. ಮೇಜಿನ ಮೇಲಿದ್ದ ಅಂಗಿಗಳ ರಾಶಿಗೆ ಕೈ ಹಾಕಿ, ಚೀಟಿ ನೋಡದೆ, “ನಾನೂರ ಹನ್ನೆರಡು. ಮುನ್ನೂರ ಆರು. ಇದು ಮ್ಯಾನೇಜರಂದು, ಕಾಲರ್ ಕೊಳಕು,” ಎಂದು ಒಂದೊಂದಾಗಿ ಎಸೆಯತೊಡಗಿದರು. ಪಕ್ಕದಲ್ಲಿದ್ದವನು ಒಂದೊಂದರ ಚೀಟಿ ನೋಡಿ ತಲೆಯಾಡಿಸಿದ. ಹತ್ತು ಅಂಗಿ, ಹತ್ತೂ ಸರಿ. ಆಮೇಲೆ ನನ್ನ ಕಡೆ ತಿರುಗಿದರು.

“ಬೇವರ್ಸಿ! ನಾಲ್ಕು ದಿನದಿಂದ ನಿದ್ದೆ ಇಲ್ಲ ನನಗೆ! ನಿನ್ನೆ ಹೆಂಡತಿ ಹತ್ತಿರ ನಮ್ಮ ಮದುವೆ ತಾರೀಕು ಕೇಳಿದೆ, ಸರಿ ಉಂಟಾ ಅಂತ ನೋಡ್ಲಿಕ್ಕೆ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಅವಳಿಗೆ ಸಂಶಯ, ಇವನಿಗೆ ಅಲ್ಲಿ ಎಂಥದೋ ಆಗಿದೆ ಅಂತ!” ಎಂದು ಬೈಯುತ್ತಾ ಬೈಯುತ್ತಾ ನಗಲು ಶುರು ಮಾಡಿದರು. ಲಾಂಡ್ರಿಯವರೆಲ್ಲ ಇಸ್ತ್ರಿ ನಿಲ್ಲಿಸಿ ನೋಡಿದರು. ಕಣ್ಣೊರೆಸಿಕೊಂಡು ಜೇಬಿನಿಂದ ಕಾರ್ಡು ತೆಗೆದರು. “ಒಂದು ಹೇಳ್ತೇನೆ. ಮಾಡಿದ್ದು ಭಾರೀ ಲಾಯ್ಕ್ ಆಗಿದೆ. ಇನ್ನು ಬೆವರು ತಾಗಿದರೂ ಏನಾಗುವುದಿಲ್ಲ. ಮಾರುವ ರಗಳೆಯೂ ಇಲ್ಲ, ಖಲಾಸ್.”

“ಪ್ಯಾಡು?”

“ಅದು ನೀನು ಕೊಡಿಸ್ತೀಯ,” ಎಂದರು, ಅನುಮಾನವೇ ಇಲ್ಲದವರ ಹಾಗೆ. “ಗೋಲ್‌ಕೀಪರನ್ನು ಕೊಂದವನು ನೀನು. ಮೊಣಕಾಲಿನಿಂದ ಕೆಳಗೆ ಎಷ್ಟು ಅಂತ ಚೀಟಿ ಉಂಟು. ಚೀಟಿ ಇಲ್ಲದೆಯೂ ಹೇಳಬಲ್ಲೆ.”

ಕೊಡಿಸಿದೆ. ನೀಲಿ ಬಣ್ಣದ, ಫೋಮಿನ, ಒಳ್ಳೆಯ ಜೋಡಿ. ಎರಡು ವಾರದ ಮೇಲೆ ಲಾರೆನ್ಸಣ್ಣ ಊರಿಗೆ ಹೊರಟಾಗ ನಾನೂ ಸಿರಿಯೂ ವಿಮಾನ ನಿಲ್ದಾಣಕ್ಕೆ ಹೋದೆವು. ಕೌಂಟರಿನ ಹುಡುಗಿ ಎರಡು ಪೆಟ್ಟಿಗೆ ತೆಗೆದುಕೊಂಡು ಮೂರನೆಯದು ಆಗುವುದಿಲ್ಲವೆಂದು ತಲೆಯಾಡಿಸಿದಳು. ಮೂರನೆಯದರಲ್ಲೇ ಪ್ಯಾಡು ಇದ್ದದ್ದು. ಹೆಚ್ಚಿನ ದುಡ್ಡು ನಾನು ಕೊಡುತ್ತೇನೆಂದೆ. ಲಾರೆನ್ಸಣ್ಣ ಕೇಳಲಿಲ್ಲ.

“ಹಾಕಿಕೊಂಡದ್ದಕ್ಕೆ ದುಡ್ಡಿಲ್ಲ ಅಲ್ವಾ ಮಗಾ?” ಎಂದು ಆ ಹುಡುಗಿಯನ್ನೇ ಕೇಳಿದರು. ಅವಳಿಗೆ ಈ ಪ್ರಶ್ನೆಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಪೆಟ್ಟಿಗೆಯ ಕಂದು ಟೇಪು ಹರಿದು ಉಂಡೆ ಮಾಡಿ ಎಸೆದು, ನೆಲದ ಮೇಲೆ ಕುಳಿತು, ಇಸ್ತ್ರಿ ಹಾಕಿದ ಪ್ಯಾಂಟಿನ ಮೇಲೆ ಹನ್ನೆರಡು ವರ್ಷದ ಹುಡುಗಿಯ ಪ್ಯಾಡು ಬಿಗಿದರು. ಮೊಣಕಾಲಿನವರೆಗೂ ಬರಲಿಲ್ಲ. ಪೆಟ್ಟಿಗೆಯಲ್ಲಿ ಉಳಿದ ಗೋಡಂಬಿ, ಹಾಲಿನಪುಡಿ ಕೈಚೀಲ ಸೇರಿದವು. ಕಾಲು ಅಗಲಿಸಿಕೊಂಡು, ಬಾತುಕೋಳಿಯ ಹಾಗೆ ನಡೆದು, ನಮ್ಮನ್ನು ಬಿಡದ ಗೇಟಿನ ಬಳಿ ನಿಂತು ತಿರುಗಿದರು. ಅಲ್ಲಿ ಬಗ್ಗಿದರು. ಎರಡೂ ಕೈ ಮುಂದೆ ಚಾಚಿ, “ಹೊಡಿ ಸದಾ!” ಎಂದರು.

ಟೇಪಿನ ಉಂಡೆ ನನ್ನ ಕಾಲ ಬುಡದಲ್ಲೇ ಇತ್ತು. ಸುತ್ತ ನೂರು ಜನ. ಹೊಡೆದೆ.

ಊರು ಮುಟ್ಟಿದ ಮೇಲೆ ಲಾರೆನ್ಸಣ್ಣ ಈ ಕಥೆಯನ್ನು ಇಗರ್ಜಿಯ ಅಂಗಳದಲ್ಲೆಲ್ಲ ಹೇಳಿದ್ದಾರಂತೆ, ರಿಯಾಗೆ ದಿನಾ ಆಟ ಹೇಳಿಕೊಡುವಾಗಲೂ ಹೇಳುತ್ತಾರಂತೆ: ಬಲಗಾಲಿನಲ್ಲಿ ತಡೆದರು, ಇಡೀ ಏರ್‌ಪೋರ್ಟು ಚಪ್ಪಾಳೆ ತಟ್ಟಿತು. ನನ್ನ ನೆನಪಿನಲ್ಲಿ ಅದು ಎರಡು ಕಾಲಿನ ನಡುವೆ ಸೀದಾ ಹೋದ ಗೋಲು, ಉಂಡೆ ಉರುಳಿದ ಸದ್ದೂ ಕಿವಿಯಲ್ಲಿದೆ. ಇಂಥ ನೆನಪನ್ನು ನಾನೀಗ ಹಾಗೇ ನಂಬುವುದಿಲ್ಲ. ಸಿರಿಯನ್ನು ಕೇಳಿದೆ.

“ನೀವು ಮಿಸ್ ಮಾಡಿದ್ರಿ ಪಪ್ಪಾ. ನಿಮ್ಮ ಕಾಲು ತಾಗಲೇ ಇಲ್ಲ. ಕ್ಲೀನರ್ ಅದನ್ನು ಗುಡಿಸಿಕೊಂಡು ಹೋದ.”

ಕಳೆದ ಭಾನುವಾರ ಲಾರೆನ್ಸಣ್ಣನ ಫೋನು ಬಂತು. ಹಿಂದೆ ಮಕ್ಕಳ ಗಲಾಟೆ, ಸ್ಟಿಕ್ಕಿನ ಸದ್ದು.

“ಸದಾ, ಈ ರಿಯಾ ನಂಬುವುದಿಲ್ಲ ಮಾರಾಯ. ಸ್ಪೀಕರಿಗೆ ಹಾಕಿದ್ದೇನೆ, ನೀನೇ ಹೇಳು. ನಾನು ತಡೆದೆನಾ ಇಲ್ವಾ?”

“ತಡೆದಿದ್ದೀರಿ ಲಾರೆನ್ಸಣ್ಣ,” ಎಂದೆ. “ಬಲಗಾಲಿನಲ್ಲಿ. ನನಗೆ ಚೆನ್ನಾಗಿ ನೆನಪುಂಟು.”